ಸಾಕದ ಬೆಕ್ಕು, ಬಿಟ್ಟ ಮನೆ: ಶ್ರಾವಕಾಚಾರದ ಒಂದು ವಿಧಿಯ ವಿಮರ್ಶೆ

ಶ್ರಾವಕಾಚಾರ ಗ್ರಂಥಗಳನ್ನು ನಾವು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ನೆನೆಯುತ್ತೇವೆ. ಸತ್ಕಾರ್ಯವೊಂದನ್ನು ಕೈಗೊಳ್ಳುವಾಗ ಪ್ರೇರಣೆಗಾಗಿ ನೆನೆಯುವುದು ಒಂದು. ಮಾಡಲು ಮನಸ್ಸಿಲ್ಲದ ಕೆಲಸದಿಂದ ಬಿಡಿಸಿಕೊಳ್ಳಲು ಆಧಾರಕ್ಕಾಗಿ ನೆನೆಯುವುದು ಇನ್ನೊಂದು. ಎರಡನೆಯ ಬಗೆಯ ಸ್ಮರಣೆಗೆ ಪದೇ ಪದೇ ಗುರಿಯಾಗುತ್ತಿರುವ ಒಂದು ವಿಧಿಯನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಶ್ರಾವಕನು ಬೆಕ್ಕು ಮೊದಲಾದ ಹಿಂಸಕ ಪ್ರಾಣಿಗಳನ್ನು ಸಾಕಬಾರದು ಎಂಬುದೇ ಆ ವಿಧಿ. ನಾನು ವೃತ್ತಿಯಿಂದ ವ್ಯಾಪಾರಿ. ಶಾಸ್ತ್ರವನ್ನು ಗುರುಮುಖದಿಂದ ಕ್ರಮವಾಗಿ ಅಧ್ಯಯನ ಮಾಡಿದವನಲ್ಲ. ಆದರೆ ಈ ವಿಧಿಯನ್ನು ಮುಂದಿಟ್ಟುಕೊಂಡು ನಾನೇ ಒಂದು ತಪ್ಪನ್ನು ಮಾಡಿದ್ದರಿಂದ ಅದನ್ನು ಮೂಲದಲ್ಲಿ ಓದಿ ನೋಡುವ ಅಗತ್ಯ ನನಗೆ ಒದಗಿತು.

ಮೊದಲು ಆ ಪ್ರಸಂಗವನ್ನು ಹೇಳುತ್ತೇನೆ. 2019ರಲ್ಲಿ ನಮ್ಮ ಕುಟುಂಬವು ಹಾಸನದ ಹಳೆಯ ಹೆಂಚಿನ ಮನೆಯನ್ನು ಬಿಟ್ಟು ಅದೇ ಊರಿನ ಇನ್ನೊಂದು ಬಡಾವಣೆಯ ಹೊಸ ಮನೆಗೆ ಬಂದಿತು. ಹಳೆಯ ಮನೆಯ ಹಿತ್ತಿಲಿಗೆ ಆರು ವರ್ಷಗಳಿಂದ ಒಂದು ಹೆಣ್ಣುಬೆಕ್ಕು ಬರುತ್ತಿತ್ತು. ಅದನ್ನು ನಾವು ತಂದವರಲ್ಲ, ಅದಕ್ಕೆ ಹೆಸರಿಟ್ಟವರಲ್ಲ, ಒಳಗೆ ಬಿಟ್ಟುಕೊಂಡವರೂ ಅಲ್ಲ. ಬೆಳಿಗ್ಗೆ ಹಾಲು ಕಾಯಿಸಿದ ಮೇಲೆ ನನ್ನ ಮಡದಿ ಹಿತ್ತಿಲ ಮೆಟ್ಟಿಲ ಮೇಲೆ ಒಂದು ಬಟ್ಟಲು ಹಾಲನ್ನವನ್ನು ಇಡುತ್ತಿದ್ದಳು. ಸೂರ್ಯಾಸ್ತಕ್ಕೆ ಮುನ್ನ ನಮ್ಮ ಊಟ ಮುಗಿದಾಗ ಇನ್ನೊಂದು ಬಟ್ಟಲು ಅಲ್ಲಿಗೆ ಹೋಗುತ್ತಿತ್ತು. ಮಳೆ ಬಂದರೆ ಬೆಕ್ಕು ಸೌದೆಯ ಕೊಟ್ಟಿಗೆಯಲ್ಲಿ ಮಲಗುತ್ತಿತ್ತು. ಸಂಬಂಧವೆಂದರೆ ಇಷ್ಟೇ.

ಮನೆ ಬಿಡುವ ವಾರ ಈ ಬೆಕ್ಕಿನ ಮಾತು ಬಂತು. ನಮ್ಮ ಅಣ್ಣನವರು ಶಾಸ್ತ್ರ ಬಲ್ಲವರು. "ಮಾರ್ಜಾರಪೋಷಣೆಯನ್ನು ಆಚಾರ್ಯರು ದೋಷವೆಂದಿದ್ದಾರೆ. ಇದುವರೆಗೆ ಅನ್ನ ಹಾಕಿದ್ದೇ ಹೆಚ್ಚು. ಈಗ ತಾನಾಗಿ ಬಿಟ್ಟುಹೋಗುವ ಅವಕಾಶ ಬಂದಿದೆ, ಬಿಟ್ಟುಬಿಡು" ಎಂದರು. ನನಗೆ ಆ ಮಾತು ಹಿತವಾಗಿಯೇ ಕೇಳಿಸಿತು. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಒಂದು ಕೆಲಸ ಕಡಿಮೆಯಾಯಿತು. ಹಾಲಿನವನ ಲೆಕ್ಕ, ಪತ್ರಿಕೆಯ ಲೆಕ್ಕ, ವಿದ್ಯುತ್ತಿನ ಬಿಲ್ಲು, ನೀರಿನ ಕಂದಾಯ ಎಲ್ಲವನ್ನೂ ತೀರಿಸಿ ಬೀಗ ಹಾಕಿ ಬಂದೆವು. ಹನ್ನೆರಡು ದಿನಗಳ ನಂತರ ಹಳೆಯ ವಿಳಾಸಕ್ಕೆ ಬಂದಿದ್ದ ಒಂದು ಅಂಚೆಪತ್ರಕ್ಕಾಗಿ ಹೋದಾಗ ಆ ಬೆಕ್ಕು ಹಿತ್ತಿಲ ಮೆಟ್ಟಿಲ ಮೇಲೆಯೇ ಕುಳಿತಿತ್ತು. ಪಕ್ಕೆಲುಬುಗಳು ಎಣಿಸುವಂತಿದ್ದವು. ನನ್ನನ್ನು ಕಂಡು ಎದ್ದು ಬರಲಿಲ್ಲ. ಮುಚ್ಚಿದ ಬಾಗಿಲ ಕಡೆಗೆ ತಿರುಗಿ ನಿಂತಿತು. ಶಾಸ್ತ್ರವನ್ನು ಇನ್ನೊಮ್ಮೆ ಓದಬೇಕೆಂದು ನನಗೆ ಅನ್ನಿಸಿದ್ದು ಅಂದು.

ವಿಧಿಯ ಪಾಠ

ಬೆಕ್ಕಿನ ಹೆಸರನ್ನೇ ಎತ್ತಿ ನಿಷೇಧಿಸುವ ಗ್ರಂಥಗಳಲ್ಲಿ ನಮ್ಮವರಿಗೆ ಹೆಚ್ಚು ಪರಿಚಿತವಾದುದು ಪ್ರಾಕೃತದ ಕಾರ್ತಿಕೇಯಾನುಪ್ರೇಕ್ಷೆ. ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರು ಇದನ್ನು ಸಂಪಾದಿಸಿ 1960ರಲ್ಲಿ ಹೊರತಂದರು. ಅನರ್ಥದಂಡದ ಭೇದಗಳನ್ನು ವಿವರಿಸುವಲ್ಲಿ, ಹಿಂಸಾದಾನ ಎಂಬ ಭೇದದ ಅಡಿಯಲ್ಲಿ, ಬೆಕ್ಕು ಮೊದಲಾದವನ್ನು ಇರಿಸಿಕೊಳ್ಳುವುದನ್ನೂ ಆಯುಧ, ಕಬ್ಬಿಣ ಮೊದಲಾದವುಗಳ ಮಾರಾಟವನ್ನೂ ಗ್ರಂಥಕಾರರು ಒಟ್ಟಿಗೆ ಹೇಳಿದ್ದಾರೆ. ಈ ಸ್ಥಾನವನ್ನು ಓದುಗರು ಗಮನಿಸಬೇಕು. ಬೆಕ್ಕು ಇಲ್ಲಿ ಜೀವದಯೆಯ ಪ್ರಕರಣದಲ್ಲಿ ಬಂದಿಲ್ಲ; ಶಸ್ತ್ರಗಳ ಪಂಕ್ತಿಯಲ್ಲಿ ಬಂದಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಇದೇ ಹಿಂಸಾದಾನವನ್ನು ಹೇಳುವಾಗ ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ಸರಪಳಿ ಮೊದಲಾದವನ್ನು ಎಣಿಸುತ್ತಾರೆ, ಬೆಕ್ಕನ್ನು ಎಣಿಸುವುದಿಲ್ಲ. ಎರಡನ್ನೂ ಜೊತೆಗಿಟ್ಟು ಓದಿದರೆ ಆಶಯವು ಸ್ಪಷ್ಟವಾಗುತ್ತದೆ. ಹಿಂಸೆಯ ಉಪಕರಣವಾಗಿ ಇರಿಸಿಕೊಂಡ ಬೆಕ್ಕು ಕೊಡಲಿಗೆ ಸಮಾನ. ಅದು ಇಲಿಯ ಮೇಲೆ ನಾವು ಎತ್ತಿದ ಆಯುಧ.

ಶ್ವೇತಾಂಬರ ಪರಂಪರೆಯಲ್ಲಿಯೂ ಇದಕ್ಕೆ ಸಮಾನವಾದ ವಿಧಿಯಿದೆ. 12ನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದ ಮೂರನೆಯ ಪ್ರಕಾಶದಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ವೃತ್ತಿಗಳನ್ನು ಹೇಳುತ್ತಾರೆ. ಅವುಗಳಲ್ಲಿ ಅಸತೀಪೋಷಣ ಎಂಬುದೊಂದು. ಅದರ ವಿವರಣೆಯಲ್ಲಿ ಸಾರಿಕೆ, ಗಿಳಿ, ಬೆಕ್ಕು, ನಾಯಿ, ಕೋಳಿ, ನವಿಲುಗಳ ಪೋಷಣೆ ಬರುತ್ತದೆ. ಎರಡು ಸಂಗತಿಗಳನ್ನು ಇಲ್ಲಿ ಗಮನಿಸಬಹುದು. ಗಿಳಿಯು ಕಾಳು ಹಣ್ಣುಗಳನ್ನು ತಿಂದು ಬದುಕುವ ಪಕ್ಷಿ. ಹಿಂಸಕ ಸ್ವಭಾವವೊಂದೇ ನಿಷೇಧದ ಕಾರಣವಾಗಿದ್ದರೆ ಗಿಳಿಗೆ ಈ ಪಟ್ಟಿಯಲ್ಲಿ ಸ್ಥಾನವಿರುತ್ತಿರಲಿಲ್ಲ. ಎರಡನೆಯದಾಗಿ, ಈ ಪೋಷಣೆಯು ಧನಕ್ಕಾಗಿ ಮಾಡುವುದು ಎಂದು ಆಚಾರ್ಯರೇ ಸ್ಪಷ್ಟವಾಗಿ ಹೇಳಿದ್ದಾರೆ. ಹೀಗೆ ಒಂದು ಕಡೆ ಪ್ರಾಣಿಯನ್ನು ಆಯುಧವನ್ನಾಗಿಸುವುದು, ಇನ್ನೊಂದು ಕಡೆ ಅದನ್ನು ಸರಕನ್ನಾಗಿಸುವುದು, ಇವೆರಡೂ ನಿಷಿದ್ಧವಾದವು. ಹಿತ್ತಿಲಿಗೆ ಹಸಿದು ಬಂದ ಜೀವಕ್ಕೆ ಒಂದು ಹಿಡಿ ಅನ್ನವಿಡುವುದನ್ನು ಈ ವಿಧಿಗಳು ಮುಟ್ಟುವುದಿಲ್ಲ.

ಇದು ನನ್ನ ಅನುಕೂಲಕ್ಕೆ ಕಟ್ಟಿಕೊಂಡ ವ್ಯಾಖ್ಯಾನವಲ್ಲವೆಂಬುದಕ್ಕೆ ನಮ್ಮ ಮನೆಯ ಹಳೆಯ ನಡೆಯನ್ನೇ ಸಾಕ್ಷಿಯಾಗಿ ಕೊಡಬಲ್ಲೆ. ನಮ್ಮ ತಂದೆಯವರದು ಧಾನ್ಯದ ಮಂಡಿ. ಧಾನ್ಯವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ಸುತ್ತಲಿನ ಮಂಡಿಗಳಲ್ಲೆಲ್ಲ ಬೆಕ್ಕುಗಳಿದ್ದವು. ನಮ್ಮ ತಂದೆಯವರು ಮಾತ್ರ ಬಾಗಿಲುಗಳ ಬುಡಕ್ಕೆ ತಗಡು ಬಡಿಸಿ, ಚೀಲಗಳನ್ನು ಮರದ ಹಲಗೆಗಳ ಮೇಲೆ ಗೋಡೆಯಿಂದ ದೂರ ಇರಿಸಿ, ಚೆಲ್ಲಿದ ಕಾಳನ್ನು ದಿನಕ್ಕೆರಡು ಬಾರಿ ಗುಡಿಸಿಸಿ ನಷ್ಟವನ್ನು ತಗ್ಗಿಸಿಕೊಳ್ಳುತ್ತಿದ್ದರು. ಬೆಕ್ಕನ್ನು ಮಂಡಿಯೊಳಗೆ ಬಿಡಲು ಕೊನೆಯವರೆಗೂ ಒಪ್ಪಲಿಲ್ಲ. ಅದೇ ಕಾಲದಲ್ಲಿ ಮನೆಯ ಹಿತ್ತಿಲಲ್ಲಿ ನಮ್ಮ ತಾಯಿಯವರು ಬೆಕ್ಕಿಗೆ ಹಾಲನ್ನವಿಡುತ್ತಿದ್ದರು. ತಂದೆಯವರು ಅದನ್ನು ಕಂಡೂ ಆಕ್ಷೇಪಿಸಲಿಲ್ಲ. ಮಂಡಿಯ ಬೆಕ್ಕು ಬೇಡ, ಹಿತ್ತಿಲ ಬೆಕ್ಕಿಗೆ ಅನ್ನ ಉಂಟು ಎಂಬ ಈ ನಡೆಯಲ್ಲಿ ಬಾಲ್ಯದಲ್ಲಿ ನನಗೆ ವಿರೋಧ ಕಂಡಿತ್ತು. ಮೇಲಿನ ಗ್ರಂಥಗಳನ್ನು ಓದಿದ ಬಳಿಕ, ಆ ದಂಪತಿಗಳು ವಿಧಿಯನ್ನು ನಮಗಿಂತ ಸರಿಯಾಗಿ ಅರಿತಿದ್ದರೆಂದು ತಿಳಿಯಿತು.

ಬಿಟ್ಟರೆ ನಿರೋಧ, ಒಯ್ದರೆ ಬಂಧ

ಈಗ ಮನೆ ಬದಲಿಸುವ ಪ್ರಶ್ನೆಗೆ ಬರೋಣ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲೆಯಲ್ಲ, ಹೊಡೆತ. ಈ ಐದೂ ನಮ್ಮ ಅಂಕೆಯಲ್ಲಿರುವ ಜೀವಗಳಿಗೆ ಸಂಬಂಧಿಸಿದವು. ಕೊನೆಯದಾದ ಅನ್ನಪಾನನಿರೋಧವನ್ನು ಬಹುಮಂದಿ ದನಕರುಗಳಿಗೆ, ಆಳುಕಾಳುಗಳಿಗೆ ಮಾತ್ರ ಅನ್ವಯಿಸುತ್ತಾರೆ. ಆದರೆ ಆರು ವರ್ಷಗಳ ಕಾಲ ನಿಶ್ಚಿತ ವೇಳೆಗೆ ನಿಶ್ಚಿತ ಸ್ಥಳದಲ್ಲಿ ಅನ್ನ ದೊರೆಯುವುದೆಂದು ಒಂದು ಜೀವಕ್ಕೆ ಅಭ್ಯಾಸ ಮಾಡಿಸಿ, ಒಂದು ದಿನ ಬಾಗಿಲಿಗೆ ಬೀಗ ಹಾಕಿ ಹೋಗುವುದಕ್ಕೆ ಬೇರೆ ಯಾವ ಹೆಸರನ್ನು ಕೊಡಲು ಸಾಧ್ಯ?

"ಅದು ನಮ್ಮದಲ್ಲ" ಎಂಬುದು ಸಾಮಾನ್ಯ ಉತ್ತರ. ವ್ಯಾಪಾರಿಯಾಗಿ ನಾನು ಇದನ್ನು ಒಪ್ಪಲಾರೆ. ಖಾತೆಯಲ್ಲಿ ಬರೆಯದ ಬಾಕಿಯೂ ಬಾಕಿಯೇ. ಮಾತಿನ ಮೇಲೆ ಸರಕು ತಂದು, ಚೀಟಿ ಬರೆದುಕೊಟ್ಟಿಲ್ಲವೆಂದು ಹಣ ಕೊಡದವನನ್ನು ಪೇಟೆಯಲ್ಲಿ ಯಾರೂ ಸಾಹುಕಾರನೆನ್ನುವುದಿಲ್ಲ. ಬೆಕ್ಕಿಗೂ ನಮಗೂ ನಡುವೆ ಒಡೆತನದ ಪತ್ರವಿರಲಿಲ್ಲ, ನಿಜ, ಆಶ್ರಯದ ವಾಡಿಕೆಯಿತ್ತು. ಅದನ್ನು ಬೆಳೆಸಿದವರು ನಾವು. ದೇಶದ ಕಾನೂನು ಕೂಡ ಈ ವಿಷಯದಲ್ಲಿ ಮೌನವಾಗಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ಪ್ರಕರಣವು, ಹಸಿವು ಬಾಯಾರಿಕೆಗಳಿಂದ ಬಳಲುವ ಸಂಭವವಿರುವ ಸ್ಥಿತಿಯಲ್ಲಿ ಸಕಾರಣವಿಲ್ಲದೆ ಪ್ರಾಣಿಯನ್ನು ತೊರೆಯುವುದನ್ನು ಕ್ರೌರ್ಯವೆಂದು ಎಣಿಸುತ್ತದೆ. ಮೊದಲ ಅಪರಾಧಕ್ಕೆ ದೀರ್ಘಕಾಲದಿಂದ ಇದ್ದ ದಂಡ ಹತ್ತರಿಂದ ಐವತ್ತು ರೂಪಾಯಿ. ದಂಡವು ಅಲ್ಪವಾದುದರಿಂದ ಕರ್ಮಬಂಧವೂ ಅಲ್ಪವೆಂದು ಲೆಕ್ಕ ಹಾಕುವ ಜೈನನು ಇರಲಾರನೆಂದು ನಂಬುತ್ತೇನೆ.

"ಹಾಗಾದರೆ ಜೊತೆಗೆ ಒಯ್ಯಬೇಕಿತ್ತು" ಎಂದು ತರುಣರು ಹೇಳುತ್ತಾರೆ. ನನ್ನ ಸೊಸೆಯೂ ಹಾಗೆಯೇ ಹೇಳಿದ್ದಳು. ಇದರಲ್ಲಿಯೂ ತೊಡಕಿದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಬಂಧವೆಂಬ ಅತಿಚಾರವನ್ನು ವಿವರಿಸುತ್ತ, ಜೀವವು ತಾನು ಬಯಸಿದ ಸ್ಥಳಕ್ಕೆ ಹೋಗದಂತೆ ತಡೆಯುವುದೇ ಬಂಧವೆಂದು ಹೇಳುತ್ತಾರೆ. ಬೆಕ್ಕಿನ ವಿಷಯದಲ್ಲಿ ಈ ಮಾತು ಅಕ್ಷರಶಃ ಅನ್ವಯಿಸುತ್ತದೆ. ಹೊರಗೆ ತಿರುಗಾಡಿ ಬೆಳೆದ ಬೆಕ್ಕಿಗೆ ತನ್ನ ಮಾಡು, ತನ್ನ ಗೋಡೆ, ತನ್ನ ದಾರಿಗಳೇ ಪ್ರಪಂಚ. ಹೊಸ ಜಾಗಕ್ಕೆ ತಂದು ಕೂಡಲೇ ಬಿಟ್ಟರೆ ಅದು ಹಳೆಯ ಜಾಗವನ್ನು ಹುಡುಕಿಕೊಂಡು ಹೊರಡುತ್ತದೆ. ದಾರಿಯಲ್ಲಿ ವಾಹನಗಳಿಗೋ ನಾಯಿಗಳಿಗೋ ಸಿಕ್ಕುತ್ತದೆ. ಹೀಗಾಗದಿರಲು ಮೂರು ನಾಲ್ಕು ವಾರಗಳಾದರೂ ಅದನ್ನು ಒಂದು ಕೋಣೆಯಲ್ಲಿ ಕೂಡಿಡಬೇಕು. ಮನುಷ್ಯರ ಕೈಗೆ ಎಂದೂ ಬಾರದ ಬೆಕ್ಕಿಗೆ ಅದು ಘೋರ ಭಯದ ಕಾಲ. ಮರಿಗಳು ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದ ವರೆಗೆ ಮನುಷ್ಯಸ್ಪರ್ಶಕ್ಕೆ ಒಗ್ಗದಿದ್ದರೆ ಮುಂದೆ ಒಗ್ಗುವುದು ಕಷ್ಟವೆಂದು ಪ್ರಾಣಿವೈದ್ಯರು ಹೇಳುತ್ತಾರೆ. ಆದ್ದರಿಂದ ಬಿಟ್ಟುಹೋದರೆ ಅನ್ನಪಾನನಿರೋಧ, ಒಯ್ದರೆ ಬಂಧ. ಎರಡು ಅತಿಚಾರಗಳ ನಡುವೆ ಶ್ರಾವಕನು ಸಿಕ್ಕಿಕೊಂಡಂತಾಗುತ್ತದೆ.

ಈ ತೊಡಕನ್ನು ಬಿಡಿಸಲು ನನಗೆ ನೆರವಾದವರು 13ನೆಯ ಶತಮಾನದ ಪಂಡಿತ ಆಶಾಧರರು. ಸಾಗಾರಧರ್ಮಾಮೃತದಲ್ಲಿ ಅವರು ದನ ಮೊದಲಾದವುಗಳ ವಿಷಯವಾಗಿ ನೈಷ್ಠಿಕ ಶ್ರಾವಕನಿಗೆ ಮೂರು ಮೆಟ್ಟಿಲುಗಳನ್ನು ಹೇಳಿದ್ದಾರೆ. ಅವುಗಳಿಂದ ಜೀವನ ನಡೆಸುವುದನ್ನೇ ಬಿಡುವುದು ಮೊದಲನೆಯದು. ಇರಿಸಿಕೊಂಡರೂ ಕಟ್ಟಿಹಾಕದೆ ಇರಿಸಿಕೊಳ್ಳುವುದು ಎರಡನೆಯದು. ಕಟ್ಟಲೇಬೇಕಾದರೆ ನಿರ್ದಯವಾಗಿ ಕಟ್ಟದಿರುವುದು ಮೂರನೆಯದು. ಆ ಭಾಗದಲ್ಲಿ ಬೆಕ್ಕಿನ ಪ್ರಸ್ತಾಪವಿಲ್ಲ. ಆದರೆ ಈ ಕ್ರಮವನ್ನು ನಮ್ಮ ಪ್ರಶ್ನೆಗೆ ಹೊಂದಿಸಿಕೊಳ್ಳಲು ಅಡ್ಡಿಯಿಲ್ಲ. ಮನೆ ಬಿಡುವ ಯೋಚನೆಯಿದ್ದವರು ಹೊಸದಾಗಿ ಬೆಕ್ಕಿಗೆ ಅನ್ನದ ವಾಡಿಕೆಯನ್ನು ಆರಂಭಿಸದಿರುವುದು ಉತ್ತಮ. ವಾಡಿಕೆಯು ಆಗಲೇ ಬೆಳೆದಿದ್ದರೆ ಬೆಕ್ಕನ್ನು ಅದರ ಸ್ಥಳದಲ್ಲಿಯೇ ಬಿಟ್ಟು, ಅನ್ನಕ್ಕೆ ಬೇರೊಂದು ಕೈಯನ್ನು ಏರ್ಪಡಿಸುವುದು ಮಧ್ಯಮ. ಆ ಸ್ಥಳವೇ ಇಲ್ಲವಾಗುವಂತಿದ್ದರೆ, ಅಥವಾ ಅನ್ನವಿಡುವವರು ಯಾರೂ ಇಲ್ಲದಿದ್ದರೆ, ಜೊತೆಗೊಯ್ದು ಅಗತ್ಯವಿದ್ದಷ್ಟು ದಿನ ಮಾತ್ರ ದಯೆಯಿಂದ ಕೂಡಿಟ್ಟು ಬಳಿಕ ಬಿಡುವುದು ಕೊನೆಯ ಮಾರ್ಗ. ಬೀಗ ಹಾಕಿ ಹೋಗುವುದು ಈ ಮೂರರಲ್ಲಿ ಯಾವುದೂ ಅಲ್ಲ. ನಾನು ಮಾಡಿದ್ದು ಅದನ್ನೇ.

ಮೂರು ಆಕ್ಷೇಪಗಳು

ಬೆಕ್ಕು ಮನೆಯನ್ನು ನಂಬುವುದೇ ಹೊರತು ಮನುಷ್ಯರನ್ನಲ್ಲ, ಆದುದರಿಂದ ಅದಕ್ಕೆ ನಮ್ಮ ಚಿಂತೆ ಬೇಕಿಲ್ಲ ಎಂಬುದು ಮೊದಲ ಆಕ್ಷೇಪ. ಇದು ಅರ್ಧ ಸತ್ಯ. ಬೆಕ್ಕು ಸ್ಥಳವನ್ನು ನಂಬುತ್ತದೆ, ಸರಿ. ಆದರೆ ಆ ಸ್ಥಳದಲ್ಲಿ ದೊರೆಯುವ ಅನ್ನವೂ ಸ್ಥಳದ ಒಂದು ಭಾಗ. ಅದೂ ಅಲ್ಲದೆ ಇಂದು ನಮ್ಮ ಊರುಗಳಲ್ಲಿ ಹಳೆಯ ಮನೆಯನ್ನು ಬಿಡುವುದೆಂದರೆ ಅನೇಕ ವೇಳೆ ಅದನ್ನು ಕೆಡವಲು ಕೊಡುವುದೆಂದೇ ಅರ್ಥ. ನಂಬಿದ ಮನೆಯೇ ಇಟ್ಟಿಗೆಯ ರಾಶಿಯಾದಾಗ ಬೆಕ್ಕು ಏನನ್ನು ನಂಬಬೇಕು?

ಎರಡನೆಯದು ಗಂಭೀರವಾದ ಆಕ್ಷೇಪ. ಬೆಕ್ಕು ಇಲಿ, ಹಲ್ಲಿ, ಗುಬ್ಬಿಗಳನ್ನು ಕೊಲ್ಲುತ್ತದೆ. ಅದಕ್ಕೆ ಅನ್ನವಿಟ್ಟರೆ ಕೃತ, ಕಾರಿತ, ಅನುಮೋದನಗಳಲ್ಲಿ ಒಂದಾದರೂ ನಮಗೆ ಅಂಟುವುದಿಲ್ಲವೇ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಹಾಲನ್ನದಿಂದ ಮಾತ್ರ ಬೆಕ್ಕು ಬದುಕಲಾರದು ಎಂಬುದು ಸಿದ್ಧಪಟ್ಟ ಸಂಗತಿ. ಟಾರಿನ್ ಎಂಬ ಪೋಷಕಾಂಶವು ಸಾಲದಿದ್ದರೆ ಬೆಕ್ಕಿನ ಹೃದಯ ದುರ್ಬಲವಾಗುತ್ತದೆಂದು 1987ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅದು ಬೆಕ್ಕಿಗೆ ದೊರೆಯುವುದು ಪ್ರಧಾನವಾಗಿ ಮಾಂಸದಿಂದ. ನಾವು ಆರು ವರ್ಷ ಇಟ್ಟ ಹಾಲನ್ನದ ಉಳಿದರ್ಧವನ್ನು ಅದು ತಾನೇ ಬೇಟೆಯಾಡಿ ಪಡೆಯುತ್ತಿತ್ತೆಂಬುದನ್ನು ನಾವು ಕಾಣದಂತೆ ಇದ್ದೆವು. ಆದರೂ, ಅನ್ನ ನಿಲ್ಲಿಸುವುದರಿಂದ ಹಿಂಸೆ ನಿಲ್ಲುವುದೇ ಎಂಬ ಮರುಪ್ರಶ್ನೆಯನ್ನು ಕೇಳಬೇಕಾಗುತ್ತದೆ. ಅನ್ನ ತಪ್ಪಿದ ಬೆಕ್ಕಿಗೆ ಬೇಟೆಯೊಂದೇ ಗತಿ. ಅನ್ನವನ್ನು ತಡೆದು ನಾವು ಇಲಿಯನ್ನೂ ಉಳಿಸಲಿಲ್ಲ, ಬೆಕ್ಕನ್ನೂ ಉಳಿಸಲಿಲ್ಲ. ನಮ್ಮ ಕೈ ಶುದ್ಧವಾಗಿದೆಯೆಂಬ ಭಾವನೆಯನ್ನು ಮಾತ್ರ ಉಳಿಸಿಕೊಂಡೆವು.

ದೆಹಲಿಯ ಕೆಂಪು ಕೋಟೆಯ ಎದುರಿನ ಲಾಲ್ ಮಂದಿರದ ಆವರಣದಲ್ಲಿ ನಮ್ಮವರು ನಡೆಸುತ್ತಿರುವ ಪಕ್ಷಿಗಳ ಧರ್ಮಾರ್ಥ ಆಸ್ಪತ್ರೆಯನ್ನು ಓದುಗರಲ್ಲಿ ಕೆಲವರು ಕಂಡಿರಬಹುದು. ಕಾಳು ತಿನ್ನುವ ಪಕ್ಷಿಗಳನ್ನು ಅಲ್ಲಿ ಒಳಗಿರಿಸಿಕೊಂಡು ಉಪಚರಿಸುತ್ತಾರೆ. ಹದ್ದು ಗಿಡುಗಗಳಂಥ ಮಾಂಸಾಹಾರಿ ಪಕ್ಷಿಗಳಿಗೆ ಚಿಕಿತ್ಸೆ ಮಾಡುತ್ತಾರೆ, ಆದರೆ ಒಳಗಿರಿಸಿಕೊಳ್ಳುವುದಿಲ್ಲ. ಈ ಪದ್ಧತಿಯಲ್ಲಿ ನಾನು ಮೇಲಿನ ವಿಧಿಯ ಸಾರವನ್ನು ಕಾಣುತ್ತೇನೆ. ಇರಿಸಿಕೊಳ್ಳದಿರುವುದು ಬೇರೆ, ತೊರೆಯುವುದು ಬೇರೆ.

ಮೂರನೆಯ ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ಬರಿಯ ಒಂದು ಬೆಕ್ಕು ಎಂಬುದು. ಇದಕ್ಕೆ ಉತ್ತರ ನಮ್ಮ ಕನ್ನಡ ಕಾವ್ಯಗಳಲ್ಲಿಯೇ ಇದೆ. 1209ರಲ್ಲಿ ಜನ್ನನು ರಚಿಸಿದ ಯಶೋಧರಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಅರಸನೂ ಅವನ ತಾಯಿಯೂ ನವಿಲೂ ನಾಯಿಯೂ ಆಗಿ ಹುಟ್ಟುತ್ತಾರೆ. ಹುಟ್ಟಿ ತಮ್ಮದೇ ಅರಮನೆಗೆ ಬಂದು ಸೇರುತ್ತಾರೆ. ಅಲ್ಲಿ ಅವರನ್ನು ಯಾರೂ ಗುರುತಿಸುವುದಿಲ್ಲ. ಸಂಕಲ್ಪಹಿಂಸೆಯ ಫಲವನ್ನು ತೋರಿಸಲು ಆ ಕಥೆಯನ್ನು ನಾವು ಪ್ರವಚನಗಳಲ್ಲಿ ಹೇಳುತ್ತೇವೆ. ಮನೆಯ ಬಾಗಿಲಿಗೆ ಬಂದ ಪ್ರಾಣಿಯನ್ನು ಗುರುತಿಸದ ಮನೆಯವರ ಕಥೆಯೂ ಅದೇ ಎಂಬುದು ನನ್ನ ಗಮನಕ್ಕೆ ಬಂದದ್ದು ಹಳೆಯ ಮನೆಯ ಮೆಟ್ಟಿಲ ಬಳಿ. 1424ರ ಭಾಸ್ಕರ ಕವಿಯ ಜೀವಂಧರಚರಿತೆಯನ್ನೂ ನೆನೆಯಬಹುದು. ಯಜ್ಞದ ಆಹಾರವನ್ನು ಮುಟ್ಟಿತೆಂದು ಹೊಡೆತ ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರನು ಪಂಚನಮಸ್ಕಾರವನ್ನು ಉಚ್ಚರಿಸಿದನೆಂದೂ, ಅದು ಯಕ್ಷನಾಗಿ ಹುಟ್ಟಿತೆಂದೂ ಪ್ರಸಿದ್ಧ ಕಥೆ. ಆ ನಾಯಿ ಜೀವಂಧರನದಲ್ಲ. ಅದು ಯಾರದೆಂದು ಅವನು ವಿಚಾರಿಸಲೂ ಇಲ್ಲ. ಬೆಕ್ಕು ಕೂಡ ಸಂಜ್ಞಿ ಪಂಚೇಂದ್ರಿಯ ತಿರ್ಯಂಚ ಜೀವ; ಅಣುವ್ರತಕ್ಕೆ ಅರ್ಹವಾದ ಐದನೆಯ ಗುಣಸ್ಥಾನದ ವರೆಗೆ ಏರಬಲ್ಲುದೆಂದು ನಮ್ಮ ಸಿದ್ಧಾಂತವು ಒಪ್ಪಿರುವ ವರ್ಗಕ್ಕೆ ಸೇರಿದುದು.

ಖಾತೆಯ ವರ್ಗಾವಣೆ

ಆ ದಿನದ ಮುಂದಿನ ಸಂಗತಿಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಹಳೆಯ ಮನೆಯ ಪಕ್ಕದ ಓಣಿಯಲ್ಲಿ ಒಬ್ಬ ವೃದ್ಧೆ ಇದ್ದಾರೆ, ಜೈನರಲ್ಲ. ಅವರ ಮನೆಯಲ್ಲಿ ಮೀನಿನ ಅಡುಗೆಯಾಗುತ್ತದೆ. ಆ ಕಾರಣಕ್ಕೆ ನಾವು ಅವರ ಮನೆಯೊಂದಿಗೆ ಕೊಡುಕೊಳ್ಳುವಿಕೆಯನ್ನು ಹೆಚ್ಚು ಇರಿಸಿಕೊಂಡಿರಲಿಲ್ಲ. ಬೆಕ್ಕಿನ ಸ್ಥಿತಿಯನ್ನು ಹೇಳಿ, ಅದಕ್ಕೆ ಅನ್ನವಿಡುವುದಾದರೆ ತಿಂಗಳಿಗೆ ಇಷ್ಟೆಂದು ಹಣ ಕೊಡುವುದಾಗಿ ನಾನು ಕೇಳಿದೆ. ಕೇಳುವಾಗಲೇ ನನಗೆ ಅಳುಕಿತ್ತು. ಆ ಹಣದಿಂದ ಮೀನು ಬಂದರೆ ನಾನು ಹಿಂಸೆಗೆ ಹಣ ಕೊಟ್ಟಂತಾಗುತ್ತದೆ. ಕೊಡದಿದ್ದರೆ ನನ್ನ ಹೊರೆಯನ್ನು ಬಡವರ ಮೇಲೆ ಹೊರಿಸಿದಂತಾಗುತ್ತದೆ. ಆಕೆ ಈ ಸಂದಿಗ್ಧವನ್ನು ಅರಿತರೋ ಇಲ್ಲವೋ ತಿಳಿಯದು. "ನಿಮ್ಮ ದುಡ್ಡು ಯಾಕೆ ಯಜಮಾನ್ರೇ? ನಮ್ಮನೇಲಿ ಮಿಕ್ಕಿದ್ದು ತಿನ್ಕಂಡು ಇರುತ್ತೆ ಬಿಡಿ. ಈ ಕಡೆ ಬಂದಾಗ ಒಂದ್ಸಲ ನೋಡ್ಕಂಡು ಹೋಗಿ" ಎಂದರು.

ಆ ಮಾತು ಇಂದಿಗೂ ನನ್ನನ್ನು ಕಾಡುತ್ತದೆ. ಅಹಿಂಸಾಣುವ್ರತದಲ್ಲಿ ನಾನು ಉಳಿಸಿಹೋದ ಬಾಕಿಯನ್ನು ತೀರಿಸಿದ್ದು, ನಾವು ಯಾರ ಅಡುಗೆಯನ್ನು ಕಂಡು ದೂರವಿದ್ದೆವೋ ಅವರ ಕೈ. ಇದರಿಂದ ಮಾಂಸಾಹಾರವು ಸರಿಯೆಂದು ನಾನು ಹೇಳುತ್ತಿಲ್ಲ. ಆ ವಿಷಯದಲ್ಲಿ ನನ್ನ ನಿಲುವು ಬದಲಾಗಿಲ್ಲ. ಆಹಾರಶುದ್ಧಿಯಿಂದ ದಯೆಯೂ ತಾನಾಗಿ ಸಿದ್ಧಿಸಿತೆಂದು ನಾವು ನಂಬಿಕೊಂಡಿದ್ದರೆ ಆ ನಂಬಿಕೆ ಪರಿಶೀಲನೆಗೆ ಅರ್ಹವೆಂದಷ್ಟೇ ಹೇಳುತ್ತಿದ್ದೇನೆ.

ನಾವು ಮಾಡಿದ್ದು ಇಷ್ಟು. ನನ್ನ ಮಡದಿ ಹದಿನೈದು ದಿನ ಬೆಳಿಗ್ಗೆ ಹೋಗಿ, ಬಟ್ಟಲನ್ನು ದಿನಕ್ಕೆ ನಾಲ್ಕಾರು ಅಡಿಗಳಷ್ಟು ಸರಿಸುತ್ತ ಸರಿಸುತ್ತ ನಮ್ಮ ಹಿತ್ತಿಲಿನಿಂದ ಆ ವೃದ್ಧೆಯ ಜಗಲಿಯ ವರೆಗೆ ತಂದಳು. ಕೊನೆಯ ಮೂರು ದಿನ ಬಟ್ಟಲನ್ನು ಇಟ್ಟವರು ಆ ವೃದ್ಧೆಯೇ. ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ವೈದ್ಯರ ಖರ್ಚನ್ನು ನಾನು ಕೊಟ್ಟೆ. ಪ್ರಾಣಿಗಳ ಅಂಗವನ್ನು ಕತ್ತರಿಸಿ ಬೀಜ ತೆಗೆಯುವ ವೃತ್ತಿಯನ್ನು ಹೇಮಚಂದ್ರರು ನಿರ್ಲಾಂಛನವೆಂಬ ಹೆಸರಿನಲ್ಲಿ ನಿಷೇಧಿಸಿದ್ದಾರೆ; ಛೇದವೂ ಐದು ಅತಿಚಾರಗಳಲ್ಲಿ ಒಂದು. ಆದುದರಿಂದ ಇದು ನಿರ್ದೋಷವೆಂದು ನಾನು ವಾದಿಸಲಾರೆ. ವರ್ಷಕ್ಕೆ ಎರಡು ಬಾರಿ ಹುಟ್ಟಿ ಬಹುಪಾಲು ಹಸಿವಿನಿಂದಲೂ ರೋಗದಿಂದಲೂ ಸಾಯುತ್ತಿದ್ದ ಮರಿಗಳನ್ನು ಕಂಡಿದ್ದೆವು. ಅಲ್ಪದೋಷವನ್ನು ಅರಿತು ಒಪ್ಪಿಕೊಂಡೆವು. ಅದಕ್ಕಾಗಿ ಒಂದು ಉಪವಾಸವನ್ನು ಆಚರಿಸಿದೆವು. 2021ರಲ್ಲಿ ಹಳೆಯ ಮನೆಯನ್ನು ಕೆಡವಿದರು. ಆ ವೇಳೆಗೆ ಬೆಕ್ಕಿನ ಸ್ಥಳ ಬದಲಾಗಿತ್ತು. 2023ರ ಮಳೆಗಾಲದಲ್ಲಿ ಅದು ಆ ಜಗಲಿಯ ಮೇಲೆಯೇ ಸತ್ತಿತು.

ಜಿನಸೇನಾಚಾರ್ಯರು ಆದಿಪುರಾಣದಲ್ಲಿ ನಾಲ್ಕು ದತ್ತಿಗಳನ್ನು ಹೇಳಿದ್ದಾರೆ: ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ. ಜೀವಿಗಳಿಗೆ ಅಭಯವನ್ನು ಕೊಡುವುದು ದಯಾದತ್ತಿ. ಮನೆಯನ್ನು ಬಿಡುವವನು ಮನೆಯ ಹೊಣೆಯನ್ನೆಲ್ಲ ಮಗನಿಗೆ ಒಪ್ಪಿಸುವುದು ಅನ್ವಯದತ್ತಿ. ಬೆಕ್ಕಿನ ವಿಷಯದಲ್ಲಿ ಈ ಎರಡೂ ಕೂಡುತ್ತವೆಂದು ನನಗೆ ತೋರುತ್ತದೆ. ಅನ್ನವಿಟ್ಟಷ್ಟು ದಿನ ದಯಾದತ್ತಿಯಾಯಿತು. ಮನೆ ಬಿಡುವ ದಿನ ಆ ಹೊಣೆಯನ್ನು ಹೆಸರು ಹಿಡಿದು ಒಬ್ಬರಿಗೆ ಒಪ್ಪಿಸಿದರೆ ಮಾತ್ರ ಅದು ಪೂರ್ಣವಾಗುತ್ತದೆ. ಅಂಗಡಿ ಮುಚ್ಚುವಾಗ ಖಾತೆಯನ್ನು ಹರಿದುಹಾಕುವುದಿಲ್ಲ. ಮುಂದಿನವರ ಹೆಸರಿಗೆ ವರ್ಗಾಯಿಸುತ್ತೇವೆ.

ಬಸದಿಯ ವಿಶ್ವಸ್ತ ಮಂಡಳಿಗಳಿಗೆ ಒಂದು ವಿನಂತಿ

ಈ ವಿಷಯವು ಕೇವಲ ಗೃಹಸ್ಥರದಲ್ಲ. ಮನೆ ಬದಲಿಸುವವರು ಬೆಕ್ಕನ್ನು ಗೋಣಿಚೀಲದಲ್ಲಿ ತುಂಬಿ ತಂದು ರಾತ್ರಿಯ ವೇಳೆ ಬಸದಿಯ ಆವರಣದಲ್ಲಿ ಬಿಟ್ಟುಹೋಗುವ ಪರಿಪಾಟಿಯಿದೆ. ಅಲ್ಲಿ ದಯಾವಂತರಿರುತ್ತಾರೆಂಬುದು ಅವರ ಸಮಾಧಾನ. ಇದು ಬೀಗ ಹಾಕಿ ಹೋಗುವುದಕ್ಕಿಂತಲೂ ಕೆಟ್ಟದ್ದು. ಬೆಕ್ಕಿಗೆ ಅನ್ನವೂ ತಪ್ಪಿತು, ಸ್ಥಳವೂ ತಪ್ಪಿತು. ಅಪರಿಚಿತ ಆವರಣದಲ್ಲಿ ಆಗಲೇ ಇರುವ ಬೆಕ್ಕುಗಳು ಅದನ್ನು ಓಡಿಸುತ್ತವೆ. ಇದನ್ನು ಪುಣ್ಯಕಾರ್ಯವೆಂದು ಯಾರೂ ತಿಳಿಯದಂತೆ ಬಸದಿಯ ಸೂಚನಾಫಲಕದಲ್ಲಿ ಎರಡು ಸಾಲು ಬರೆಸುವುದು ಯುಕ್ತ.

ಮಂಡಳಿಗಳಿಗೆ ಸೇರಿದ ಬಾಡಿಗೆ ಮನೆಗಳನ್ನು ಖಾಲಿ ಮಾಡಿಸಿಕೊಳ್ಳುವಾಗ ಬೀಗದ ಕೈ, ವಿದ್ಯುತ್ ಬಾಕಿಗಳೊಂದಿಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬಹುದು: ಈ ಬಾಗಿಲಿಗೆ ಅನ್ನಕ್ಕಾಗಿ ಬರುವ ಪ್ರಾಣಿಯುಂಟೇ, ಅದಕ್ಕೆ ಏನು ಏರ್ಪಾಡಾಗಿದೆ? ಜೀರ್ಣೋದ್ಧಾರಕ್ಕಾಗಿ ಹಳೆಯ ಧರ್ಮಶಾಲೆ, ಪಾಕಶಾಲೆಗಳನ್ನು ಮುಚ್ಚುವ ಮುನ್ನವೂ ಇದೇ ಪ್ರಶ್ನೆಯನ್ನು ಕೇಳಬೇಕು. ಪಂಚಕಲ್ಯಾಣದ ವೈಭವಕ್ಕೆ ಲಕ್ಷಗಟ್ಟಲೆ ವೆಚ್ಚ ಮಾಡುವ ನಮಗೆ ಇದರಲ್ಲಿ ಹಣದ ಪ್ರಶ್ನೆಯೇ ಬರುವುದಿಲ್ಲ. ಒಬ್ಬರು ನೆ‌ನಪಿಟ್ಟು ವಿಚಾರಿಸಿದರೆ ಸಾಕು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ವಸತಿ ಸಮುಚ್ಚಯಗಳ ನಿವಾಸಿಗಳ ಸಂಘಗಳಿಗೆ, ತಮ್ಮ ಆವರಣದಲ್ಲಿರುವ ಒಡೆಯರಿಲ್ಲದ ಪ್ರಾಣಿಗಳ ಆಹಾರದ ಏರ್ಪಾಡಿನ ಹೊಣೆಯನ್ನು ಹೊರಿಸಿವೆ. ಸರಕಾರವು ನಿಯಮದಿಂದ ಹೇಳಿಸಿದ್ದನ್ನು ನಾವು ವ್ರತದಿಂದ ಮಾಡಬೇಕಾಗಿತ್ತು.

ಕೊನೆಯದಾಗಿ ನಮ್ಮ ಅಣ್ಣನವರ ಮಾತಿಗೆ ಹಿಂದಿರುಗುತ್ತೇನೆ. ಅವರು ಹೇಳಿದ ವಿಧಿ ಸುಳ್ಳಲ್ಲ. ಅದನ್ನು ನಾನು ಇಂದಿಗೂ ಪಾಲಿಸುತ್ತೇನೆ. ಹೊಸ ಮನೆಗೆ ನಾವು ಬೆಕ್ಕನ್ನು ತಂದಿಲ್ಲ, ತರುವುದೂ ಇಲ್ಲ. ಆದರೆ ಆ ವಿಧಿಯು ಆರಂಭದಲ್ಲಿ ನಿಂತು ಎಚ್ಚರಿಸುವ ವಿಧಿ. ಅದನ್ನು ಆರಂಭದಲ್ಲಿ ಕೇಳದೆ, ಆರು ವರ್ಷ ಕಳೆದ ಮೇಲೆ, ಹೊಣೆಯನ್ನು ಕಳಚಿಕೊಳ್ಳುವ ದಿನ ನೆನಪು ಮಾಡಿಕೊಂಡದ್ದು ನಮ್ಮ ಪ್ರಮಾದ. ಪ್ರಮಾದವಿದ್ದಲ್ಲಿ ಹಿಂಸೆಯಿದೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾದುದಿಲ್ಲ. ಈ ಲೇಖನವನ್ನು ಅಣ್ಣನವರಿಗೆ ಮೊದಲೇ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಆಶಾಧರರ ಆ ಭಾಗವನ್ನು ನಾನು ಬೆಕ್ಕಿನ ದೃಷ್ಟಿಯಿಂದ ಓದಿರಲಿಲ್ಲ" ಎಂದರು. ನನ್ನ ಓದಿನಲ್ಲಿ ದೋಷವಿದ್ದರೆ ವಿದ್ವಜ್ಜನರು ತಿದ್ದಬೇಕೆಂದು ಪ್ರಾರ್ಥಿಸುತ್ತೇನೆ.